ಜಪಾನಿನ ದೆವ್ವಗಳಿಗೆ ಕಿವಿಗೊಟ್ಟ ಲಫ್ಕಾಡಿಯೋ ಹರ್ನ್

ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ ನಮ್ಮ ಹಾಸ್ಟೆಲಿನ ಯಾವ ರೂಮಿಗೆ ಹೋದರೂ ಲ್ಯಾಪ್‌ಟಾಪಿನಲ್ಲಿ ಜಪಾನಿನ ಅನಿಮೆ ಓಡುತ್ತಿರುತ್ತದೆ. ಅದರಾಗ ಬ್ಲೀಚ್ ನೋಡದವರು ಕಡಿಮಿ. ಟೈಟೊ ಕುಬೊ 2001ರಿಂದ 2016ರವರೆಗೆ ವಾರಪತ್ರಿಕೆಯೊಂದಕ್ಕೆ ಬರೆದ ಚಿತ್ರಕಥೆ ಅದು. ಅದರಲ್ಲಿ ಹಾಲೋ ಅನ್ನುವ ಒಂದು ಜಾತಿಯೇ ಇದೆ. ಹಾಲೋಗಳು ಸತ್ತೂ ಸಾಯದವು. ಮುಖಕ್ಕೆ ಎಲುಬಿನಂಥ ಬಿಳಿ ಮುಖವಾಡ, ಎದೆಯಲ್ಲಿ ಆರಪಾರ ತೂತು. ಸತ್ತ ಮೇಲೂ ಯಾವುದೋ ಆಸೆಗೆ, ಯಾರದೋ ಮೇಲಿನ ಮೋಹಕ್ಕೆ ಅಂಟಿಕೊಂಡು ಇಲ್ಲೇ ಉಳಿದ ಆತ್ಮ ದಿನ ಕಳೆದಂತೆ ಹೃದಯ ಕಳೆದುಕೊಂಡು ಹಾಲೋ ಆಗುತ್ತದೆ. ಆಮೇಲೆ ಅದಕ್ಕೆ ಉಳಿಯುವುದು ಹಸಿವೊಂದೇ. ಮೊದಲು ಹುಡುಕಿಕೊಂಡು ಬರುವುದು ಬದುಕಿದ್ದಾಗ ತಾನು ಪ್ರೀತಿಸಿದವರ ಮನೆಗೇ.

ಜಮಖಂಡಿ ತಾಲೂಕಿನ ಸಾವಳಗಿ ಕಡೆಯಿಂದ ಬಂದ ನಮಗೆ ಇದು ಪೂರ್ತಿ ಹೊಸದು ಅನ್ನಿಸಲಿಲ್ಲ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮಣ್ಣು ಮಾಡಿದ ಜಾಗಕ್ಕೆ ಮೂರನೇ ದಿನ ಹಾಲು-ತುಪ್ಪ ಹಾಕಿ, ಸತ್ತವರಿಗೆ ಇಷ್ಟವಾದ ಅಡಗಿ ಎಡಿ ಇಟ್ಟು, ದೂರ ನಿಂತು ಕಾಗಿ ದಾರಿ ನೋಡ್ತಾರ. ಕಾಗಿ ಮುಟ್ಟಿತಂದ್ರ ಸಮಾಧಾನ. ಮುಟ್ಟಲಿಲ್ಲ ಅಂದ್ರ ಏನೋ ಆಸೆ ಉಳದೈತಿ ಅಂತ ಅರ್ಥ. ಆಗ ಮನೆಯ ಹಿರಿಯರೊಬ್ಬರು ಮುಂದೆ ಹೋಗಿ, ಮಗಳ ಲಗ್ನ ನಾವು ಮಾಡ್ತೀವಿ, ಸಾಲ ನಾವು ತೀರಸ್ತೀವಿ ಅಂತ ಸತ್ತವರಿಗೆ ಮಾತು ಕೊಡುತ್ತಾರೆ. ಆಸೆ ಉಳಿದವರು ಹಸಿದವರು, ಹಸಿದವರು ಮನೆ ಬಾಗಿಲಿಗೆ ತಿರುಗಿ ಬರುತ್ತಾರೆ ಅನ್ನುವ ಲೆಕ್ಕ ಟೋಕಿಯೊದಾಗೂ ಅದೇ, ಸಾವಳಗಿಯಾಗೂ ಅದೇ.

ಇವೆರಡರ ನಡುವೆ ಸಂಬಂಧ ಐತೇನು ಅಂತ ನಾವು ಹುಡುಕಿಕೊಂಡು ಹೋದಾಗ ದಾರಿಯಲ್ಲಿ ಒಬ್ಬ ಮನುಷ್ಯ ಸಿಕ್ಕ. ಒಂದು ಕಣ್ಣಿಲ್ಲದ, ಇನ್ನೊಂದು ಸರಿಯಾಗಿ ಕಾಣದ, ಊರಿಲ್ಲದ, ಅಪ್ಪ-ಅವ್ವ ಇದ್ದೂ ಇಲ್ಲದ ಒಬ್ಬ ಪತ್ರಕರ್ತ. ಜಪಾನಿನ ದೆವ್ವಗಳನ್ನು ಹೊರಗಿನ ಜಗತ್ತಿಗೆ ಪರಿಚಯಿಸಿದವರಲ್ಲಿ ಅವನ ಹೆಸರು ಮೊದಲು ಬರುತ್ತದೆ. ಜಪಾನಿನಲ್ಲಿ ಅವನನ್ನು ಕೊಯಿಜುಮಿ ಯಾಕುಮೊ ಅನ್ನುತ್ತಾರೆ. ಹುಟ್ಟುಹೆಸರು ಲಫ್ಕಾಡಿಯೋ ಹರ್ನ್. ಈ ಸಲದ ವ್ಯಕ್ತಿ ಪರಿಚಯ ಅವನದೇ.

ಹರ್ನ್ ಹುಟ್ಟಿದ್ದು 1850ರ ಜೂನ್ 27ರಂದು, ಗ್ರೀಸಿನ ಪಶ್ಚಿಮಕ್ಕಿರುವ ಲೆಫ್ಕಾಡ ದ್ವೀಪದಲ್ಲಿ. ದ್ವೀಪದ ಹೆಸರೇ ಅವನ ಹೆಸರಾಯಿತು. ಅಪ್ಪ ಚಾರ್ಲ್ಸ್ ಐರ್ಲೆಂಡಿನವನು, ಬ್ರಿಟಿಷ್ ಸೈನ್ಯದ ಡಾಕ್ಟರ್. ಅವ್ವ ರೋಸಾ ಗ್ರೀಕ್ ಹೆಣ್ಣುಮಗಳು. 1852ರಲ್ಲಿ ಅವ್ವ-ಮಗ ಇಬ್ಬರನ್ನೂ ಡಬ್ಲಿನ್ನಿಗೆ, ಗಂಡನ ಮನೆಗೆ ಕಳಿಸಲಾಯಿತು. ಆ ಥಂಡಿ, ಆ ಭಾಷೆ, ಆ ಜನ ಯಾವುದೂ ರೋಸಾಳಿಗೆ ಹೊಂದಲಿಲ್ಲ. 1854ರಲ್ಲಿ ಮಗನನ್ನು ಬಿಟ್ಟು ಆಕೆ ಗ್ರೀಸಿಗೆ ಹೊರಟುಹೋದಳು. ನಾಲ್ಕು ವರ್ಷದ ಆ ಕೂಸು ಮುಂದೆ ಎಂದೂ ಅವ್ವನ ಮುಖ ನೋಡಲಿಲ್ಲ.

ಅಪ್ಪನ ಕಥೆಯೂ ಅಷ್ಟೇ. ಆ ಮದುವೆ ರದ್ದು ಮಾಡಿಸಿ, 1857ರಲ್ಲಿ ತನ್ನ ಹಳೆಯ ಗೆಳತಿಯನ್ನು ಲಗ್ನವಾಗಿ, ಹೊಸ ಹೆಂಡತಿಯ ಜೊತೆ ಕೆಲಸದ ಮೇಲೆ ಬಂದದ್ದು ಎಲ್ಲಿಗೆ ಗೊತ್ತೇನ್ರಿ? ನಮ್ಮ ದಖನ್ನಿಗೇ, ಸಿಕಂದರಾಬಾದಿಗೆ. ವಿಜಯಪುರದಿಂದ ರಾತ್ರಿ ಬಸ್ ಹತ್ತಿದರೆ ಬೆಳಕು ಹರಿಯುವುದರೊಳಗೆ ಮುಟ್ಟುವ ಊರು. ಮಗ ಐರ್ಲೆಂಡಿನಲ್ಲಿ, ಅಪ್ಪ ನಮ್ಮ ನೆರೆಯಲ್ಲಿ. ಅವನೂ ಮಗನನ್ನು ಮತ್ತೆ ನೋಡಲಿಲ್ಲ. 1866ರಲ್ಲಿ ಊರಿಗೆ ಹೊರಟವನು ಸೂಯೆಜ್ ಕೊಲ್ಲಿಯಲ್ಲಿ, ಹಡಗಿನಲ್ಲೇ ಮಲೇರಿಯಾದಿಂದ ತೀರಿಹೋದ.

ಹುಡುಗ ಬೆಳೆದದ್ದು ಅಪ್ಪನ ಕಡೆಯ ಒಬ್ಬ ಮುದುಕಿ, ಸಾರಾ ಬ್ರೆನೇನ್ ಅನ್ನುವ ದೊಡ್ಡಮ್ಮಳ ಮನೆಯಲ್ಲಿ. ಅಲ್ಲಿ ಅವನಿಗೆ ದೆವ್ವ ಕಾಣಲು ಶುರುವಾಯಿತು. ಕತ್ತಲಾದ ಮೇಲೆ ಕೋಣೆಯಲ್ಲಿ ಆಕಾರಗಳು ಬಂದು ತನ್ನನ್ನು ಹಿಡಿಯುತ್ತವೆ ಅಂತ ಚೀರುತ್ತಿದ್ದ. ಮನೆಯವರು ಇದನ್ನು ಸುಳ್ಳು, ಹಟ ಅಂತ ತಿಳಿದರು. ಅಂಜಿಕೆ ಬಿಡಿಸಬೇಕು ಅಂತ ದೀಪ ಒಯ್ದು, ಹೊರಗಿನಿಂದ ಬಾಗಿಲು ಹಾಕಿ, ಕತ್ತಲಿನಲ್ಲಿ ಒಬ್ಬನನ್ನೇ ಮಲಗಿಸಿದರು. ಅಂಜಿಕೆ ಬಿಡಲಿಲ್ಲ. ದೆವ್ವದ ಸುದ್ದಿ ಯಾರಿಗೂ ಹೇಳಬಾರದು ಅನ್ನುವುದನ್ನಷ್ಟೇ ಕಲಿತ.

ಆ ಮನೆಗೆ ಜೇನ್ ಅನ್ನುವ ಒಬ್ಬ ಭಕ್ತಿಯ ಹೆಣ್ಣುಮಗಳು ಆಗಾಗ ಬಂದು ಇರುತ್ತಿದ್ದಳು. ಒಮ್ಮೆ ಸಂಜೆ ಆಕೆ ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಆಕೆಯ ಆಕಾರ ಮಾಳಿಗೆಯ ಮೇಲೆ ಕಂಡಿತು. ಹಿಂದೆ ಹೋಗಿ ಕರೆದ. ತಿರುಗಿ ನೋಡಿದರೆ ಮುಖವೇ ಇಲ್ಲ. ಕಣ್ಣು, ಮೂಗು, ಬಾಯಿ ಯಾವುದೂ ಇಲ್ಲದ ಬರೀ ಚರ್ಮ. ಮುಂದೆ ಸ್ವಲ್ಪ ದಿನಕ್ಕೆ ಜೇನ್ ಕ್ಷಯದಿಂದ ಸತ್ತಳು. ಇದನ್ನು ಅವನೇ ದೊಡ್ಡವನಾದ ಮೇಲೆ ಬರೆದಿಟ್ಟಿದ್ದಾನೆ. ಟೋಕಿಯೊದ ಕತ್ತಲ ರಸ್ತೆಯಲ್ಲಿ ಕುಳಿತು ಅಳುವ, ಸಮಾಧಾನ ಮಾಡಲು ಹೋದರೆ ಬೋಳು ಮುಖ ತೋರಿಸುವ ಹೆಣ್ಣಿನ ಕಥೆ ಮುಜಿನ. ಅದನ್ನು ಓದಿದವರಿಗೆ ಆ ಹೆಣ್ಣು ಡಬ್ಲಿನ್ನಿನ ಮಾಳಿಗೆಯಿಂದಲೇ ಇಳಿದು ಬಂದಳು ಅನ್ನಿಸಿದರೆ ತಪ್ಪಿಲ್ಲ.

ಮುಂದಿನ ಹತ್ತು ವರ್ಷ ಒಂದರ ಹಿಂದೆ ಒಂದು ಪೆಟ್ಟು. ಇಂಗ್ಲೆಂಡಿನ ಅಷಾ ಎಂಬ ಕ್ಯಾಥೊಲಿಕ್ ಶಾಲೆಗೆ ಹಾಕಿದರು. ಅಲ್ಲಿ 16ನೇ ವಯಸ್ಸಿನಲ್ಲಿ ಆಟವಾಡುವಾಗ ಪೆಟ್ಟು ಬಿದ್ದು ಎಡಗಣ್ಣು ಹೋಯಿತು. ಉಳಿದ ಬಲಗಣ್ಣಿಗೆ ಭಾರ ಹೆಚ್ಚಾಗಿ ಅದು ಉಬ್ಬಿಕೊಂಡಿತು. ಮುಂದೆ ಜೀವನವಿಡೀ ಫೋಟೊ ತೆಗೆಸುವಾಗ ಎಡಗಡೆ ಕಾಣದ ಹಾಗೆ ಮುಖ ತಿರುಗಿಸಿ ನಿಲ್ಲುತ್ತಿದ್ದ. ನಂಬಿದ ಸಂಬಂಧಿಕನ ವ್ಯವಹಾರದಲ್ಲಿ ದೊಡ್ಡಮ್ಮಳ ಆಸ್ತಿ ಮುಳುಗಿತು, ಶಾಲೆ ನಿಂತಿತು. 1869ರಲ್ಲಿ, 19ನೇ ವಯಸ್ಸಿಗೆ, ಕೈಗೆ ಹಡಗಿನ ಟಿಕೀಟು ಕೊಟ್ಟು ಅಮೆರಿಕಕ್ಕೆ ಕಳಿಸಿದರು. ಕಳಿಸಿದರು ಅನ್ನೂದಕ್ಕಿಂತ ಕೈ ತೊಳಕೊಂಡರು ಅಂದ್ರ ಸರಿ.

ಸಿನ್ಸಿನಾಟಿ ಎಂಬ ಊರಲ್ಲಿ ಅವನು ಕುದುರೆ ಲಾಯದಲ್ಲಿ ಮಲಗಿದ, ಸಿಕ್ಕ ಕೂಲಿ ಮಾಡಿದ. ಹೆನ್ರಿ ವಾಟ್ಕಿನ್ ಎಂಬ ಮುದ್ರಣಕಾರ ಕರೆದು ಛಾಪಖಾನೆಯಲ್ಲಿ ಜಾಗ ಕೊಟ್ಟ. ಕತ್ತರಿಸಿ ಬಿಸಾಕಿದ ಕಾಗದದ ಚೂರುಗಳ ರಾಶಿಯೇ ಹಾಸಿಗೆ. ಅಲ್ಲಿಂದ 1872ರಲ್ಲಿ ಎನ್‌ಕ್ವೈರರ್ ಪತ್ರಿಕೆಗೆ ವರದಿಗಾರನಾದ. 1874ರಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಯೊಂದರಲ್ಲಿ ನಡೆದ ಕೊಲೆಯ ವರದಿ ಅವನಿಗೆ ಹೆಸರು ತಂದಿತು. ಶವಾಗಾರ, ಸ್ಮಶಾನ, ಕಸಾಯಿಖಾನೆ, ನದಿ ದಂಡೆಯ ಕೂಲಿಗಳ ಓಣಿ, ಹೀಗೆ ಉಳಿದ ಪತ್ರಕರ್ತರು ಮೂಗು ಮುಚ್ಚಿಕೊಂಡು ಹೋಗುವ ಜಾಗಗಳೇ ಇವನ ಬೀಟು.

ಅವನು ಇದ್ದ ಖಾನಾವಳಿಯಲ್ಲಿ ಮ್ಯಾಟಿ ಫೋಲಿ ಅನ್ನುವ ಹೆಣ್ಣುಮಗಳು ಅಡಗಿ ಮಾಡುತ್ತಿದ್ದಳು. ಗುಲಾಮಳಾಗಿ ಹುಟ್ಟಿದವಳು. ಓದು ಬರಹ ಇಲ್ಲ, ಆದರೆ ದೆವ್ವದ ಕಥೆ ಹೇಳಲು ಕೂತರೆ ಕೇಳುವವರ ಮೈ ಜುಮ್ ಅನ್ನುತ್ತಿತ್ತು. ಹರ್ನ್ ಅಡಗಿ ಮನೆಯಲ್ಲಿ ಕೂತು ಕೇಳಿದ. 1874ರಲ್ಲಿ ಆಕೆಯನ್ನೇ ಮದುವೆಯಾದ. ಬಿಳಿಯರು ಕರಿಯರನ್ನು ಮದುವೆಯಾಗುವುದು ಆಗ ಒಹಾಯೊ ರಾಜ್ಯದಲ್ಲಿ ಕಾನೂನಿನ ಪ್ರಕಾರ ಅಪರಾಧ. ಸುದ್ದಿ ಹೊರಬಿದ್ದ ಮೇಲೆ 1875ರಲ್ಲಿ ಪತ್ರಿಕೆಯ ಕೆಲಸ ಹೋಯಿತು. ಸಂಸಾರವೂ ಬಹಳ ದಿನ ನಡೆಯಲಿಲ್ಲ. 1877ರಲ್ಲಿ ಆಕೆಯನ್ನು ಅಲ್ಲೇ ಬಿಟ್ಟು ದಕ್ಷಿಣಕ್ಕೆ ಹೊರಟ. ಅಪ್ಪ ತನಗೆ ಮಾಡಿದ್ದನ್ನೇ ಅವನು ಮ್ಯಾಟಿಗೆ ಮಾಡಿದ ಅಂತ ನಾವು ಇಲ್ಲಿ ನೇರವಾಗಿಯೇ ಬರೆಯಬೇಕು.

ನ್ಯೂ ಆರ್ಲಿಯನ್ಸ್‌ನಲ್ಲಿ ಹತ್ತು ವರ್ಷ ಇದ್ದ. ಅಲ್ಲಿ ಅವನು ಹಿಡಿದ ಕೆಲಸ ನೋಡ್ರಿ. ಫ್ರೆಂಚ್ ಮತ್ತು ಆಫ್ರಿಕದ ಮಾತು ಬೆರೆತ ಕ್ರಿಯೋಲ್ ಭಾಷೆಯನ್ನು ಓದಿದವರು ಕೆಟ್ಟ ಫ್ರೆಂಚ್ ಅಂತ ನಗುತ್ತಿದ್ದ ಕಾಲದಲ್ಲಿ, ಅದರ ಗಾದೆ ಮಾತುಗಳನ್ನು ಆರಿಸಿ 1885ರಲ್ಲಿ ಒಂದು ಪುಸ್ತಕ ಮಾಡಿದ. ಅದೇ ವರ್ಷ ಕ್ರಿಯೋಲ್ ಅಡಗಿಯ ಪುಸ್ತಕವನ್ನೂ ತಂದ. 1887ರಿಂದ ಎರಡು ವರ್ಷ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿದ್ದಾಗ, ಮನೆ ಒಡತಿಯ ಮಗಳನ್ನು ಜೊಂಬಿ ಅಂದ್ರೇನು ಅಂತ ಕೇಳಿದ. ಇಂದು ಸಿನಿಮಾದಲ್ಲಿ ಕಾಣುವ ಕೊಳೆತ ಹೆಣದ ಚಿತ್ರ ಅಲ್ಲಿರಲಿಲ್ಲ. ಆ ಹುಡುಗಿ ಹೇಳಿದ್ದರಲ್ಲಿ ಒಂದು ಹೀಗಿತ್ತು: ರಾತ್ರಿ ದಾರಿಯಲ್ಲಿ ದೂರದಲ್ಲೊಂದು ದೊಡ್ಡ ಬೆಂಕಿ ಕಾಣುತ್ತದೆ, ನೀವು ಅದರತ್ತ ನಡೆದಷ್ಟೂ ಅದು ಹಿಂದಕ್ಕೆ ಸರಿಯುತ್ತದೆ, ಅದನ್ನು ಮಾಡುವುದೇ ಜೊಂಬಿ. ರಾತ್ರಿ ಪಾಳಿಯ ಕರೆಂಟಿಗೆ ಕಾದು ಕಬ್ಬಿಗೆ ನೀರು ಹಾಯಿಸಲು ಹೋಗುವ ನಮ್ಮ ಸಾವಳಗಿ ಕಡೆಯ ರೈತರನ್ನು ಕೇಳ್ರಿ, ಕೊಳ್ಳಿ ದೆವ್ವ ಅಂತ ಇದನ್ನೇ ಹೇಳ್ತಾರ. ಒಬ್ಬರನ್ನೊಬ್ಬರು ಕೇಳಿಯೂ ಇರದ ಎರಡು ಊರು, ಎರಡೂ ಕಡೆ ಹಿಂದೆ ಸರಿಯುವ ಅದೇ ಬೆಂಕಿ.

1890ರ ಏಪ್ರಿಲ್ 4ರಂದು ಹರ್ನ್ ಯೊಕೊಹಾಮ ಬಂದರಿನಲ್ಲಿ ಇಳಿದ. ಅಮೆರಿಕದ ಪತ್ರಿಕೆಯೊಂದಕ್ಕೆ ಲೇಖನ ಬರೆಯಲು ಬಂದವನು ಅವರ ಜೊತೆ ಜಗಳ ಮಾಡಿಕೊಂಡು ಆ ಕೆಲಸ ಬಿಟ್ಟ. ಟೋಕಿಯೊದ ಪ್ರಾಧ್ಯಾಪಕ ಬೇಸಿಲ್ ಹಾಲ್ ಚೇಂಬರ್ಲೇನ್ ನೆರವಿನಿಂದ ಮಾತ್ಸುಯೆ ಎಂಬ ದೂರದ ಊರಲ್ಲಿ ಇಂಗ್ಲಿಷ್ ಮಾಸ್ತರನ ಕೆಲಸ ಸಿಕ್ಕಿತು. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಯ ಗುಡಿಯ ಅಂಗಳದಲ್ಲಿ ಓಬೊನ್ ಹಬ್ಬದ ರಾತ್ರಿ ಕುಣಿತ ನೋಡಿದ. ಸತ್ತ ಹಿರಿಯರು ಮನೆಗೆ ಬಂದು ಹೋಗುವ ಹಬ್ಬ ಅದು. ಬೆಳದಿಂಗಳಲ್ಲಿ ಹೆಂಗಸರು ಸದ್ದಿಲ್ಲದೆ ಸುತ್ತು ಹಾಕುವುದನ್ನು ನೋಡುತ್ತ ತಾನು ಬದುಕಿದವರ ನಡುವೆ ಇದ್ದೇನೋ ಸತ್ತವರ ನಡುವೆಯೋ ಅನ್ನಿಸಿತು ಅವನಿಗೆ. ಆದರೆ ಇಲ್ಲಿ ಯಾರೂ ಅಂಜಿರಲಿಲ್ಲ. ಸತ್ತವರಿಗೆ ದೀಪ ಹಚ್ಚಿ ದಾರಿ ತೋರಿಸಿ, ಉಣ್ಣಲಿಟ್ಟು, ಮತ್ತೆ ಕಳಿಸಿಕೊಡುತ್ತಿದ್ದರು. ಡಬ್ಲಿನ್ನಿನಲ್ಲಿ ಬಾಗಿಲು ಹಾಕಿಸಿಕೊಂಡ ಹುಡುಗನಿಗೆ 40ನೇ ವಯಸ್ಸಿನಲ್ಲಿ ದೆವ್ವವನ್ನು ಮನೆಯವರಂತೆ ಕರೆದು ಕೂರಿಸುವ ಜನ ಸಿಕ್ಕರು.

ಮಾತ್ಸುಯೆಯ ಚಳಿಗೆ ಹರ್ನ್ ಕಾಯಿಲೆ ಬಿದ್ದ. 1891ರ ಆರಂಭದಲ್ಲಿ ಮನೆ ನೋಡಿಕೊಳ್ಳಲು ಕೊಯಿಜುಮಿ ಸೆಟ್ಸು ಬಂದಳು. ಸಮುರಾಯಿ ಮನೆತನದ ಮಗಳು. 1868ರ ಬದಲಾವಣೆಯ ನಂತರ ಸಮುರಾಯಿಗಳ ಸಂಬಳ ಹೋಗಿ ಆ ಮನೆತನ ಬಡವಾಗಿತ್ತು. ಸೆಟ್ಸು ಚಿಕ್ಕಂದಿನಲ್ಲೇ ನೇಯ್ಗೆ ಮಾಡಿ ಮನೆ ಸಾಕಿದವಳು, ಮೊದಲ ಗಂಡ ಬಿಟ್ಟುಹೋದವಳು. ನೇಕಾರಿಕೆಯ ಕಷ್ಟ ಅಂದ್ರೇನು ಅಂತ ರಬಕವಿ-ಬನಹಟ್ಟಿ ಕಡೆಯ ನಮ್ಮ ಗೆಳೆಯರಿಗೆ ಬಿಡಿಸಿ ಹೇಳುವುದು ಬೇಡ. ಬಿಟ್ಟುಹೋದವರ ನೋವು ಗೊತ್ತಿದ್ದ ಇಬ್ಬರು ಗಂಡ-ಹೆಂಡತಿಯಾದರು.

ಅವಳಿಗೆ ಇಂಗ್ಲಿಷ್ ಬರದು, ಅವನಿಗೆ ಜಪಾನಿ ಸರಿಯಾಗಿ ಬರದು. ಇಬ್ಬರೂ ಸೇರಿ ತಮ್ಮದೇ ಒಂದು ಭಾಷೆ ಕಟ್ಟಿಕೊಂಡರು. ಮಾತ್ಸುಯೆ ಜನ ಅವನನ್ನು ಹೆರುನ್ ಅನ್ನುತ್ತಿದ್ದುದರಿಂದ ಅದಕ್ಕೆ ಹೆರುನ್ ಸಾಹೇಬರ ಭಾಷೆ ಅಂತಲೇ ಹೆಸರಾಯಿತು. ಅದರಲ್ಲಿ ವಿಭಕ್ತಿ ಇಲ್ಲ, ಕಾಲ ಇಲ್ಲ, ಬರೀ ಶಬ್ದಗಳನ್ನು ಸಾಲಾಗಿ ಇಡುವುದು. ವ್ಯಾಕರಣ ಮಾಸ್ತರರು ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು ಅಂಥದ್ದು. ಆ ಮಾತಿನಲ್ಲೇ ಸಂಸಾರ ನಡೆಯಿತು, ನಾಲ್ಕು ಮಕ್ಕಳು ಬೆಳೆದರು, ದೆವ್ವದ ಕಥೆಗಳೂ ಹುಟ್ಟಿದವು.

ಆ ಕಥೆ ಹುಟ್ಟುವ ರೀತಿಯನ್ನು ಗಂಡ ಸತ್ತ ಮೇಲೆ ಸೆಟ್ಸು ತನ್ನ ನೆನಪುಗಳಲ್ಲಿ ಹೇಳಿದ್ದಾಳೆ. ಹಳೆಯ ಪುಸ್ತಕದ ಅಂಗಡಿಗಳನ್ನು ತಿರುಗಿ ಆಕೆ ದೆವ್ವದ ಕಥೆ ಹುಡುಕಿ ತರುತ್ತಿದ್ದಳು. ರಾತ್ರಿ ದೀಪ ಸಣ್ಣಗೆ ಮಾಡಿ ಹೇಳಲು ಕೂರಬೇಕು. ಪುಸ್ತಕ ಕೈಯಲ್ಲಿ ಹಿಡಿದು ಓದಿದರೆ ಹರ್ನ್ ಒಪ್ಪುತ್ತಿರಲಿಲ್ಲ. ಪುಸ್ತಕ ಮುಚ್ಚಿಟ್ಟು, ಅವಳದೇ ಮಾತು, ಅವಳದೇ ವಿಚಾರದಲ್ಲಿ ಹೇಳಬೇಕು. ಹಾಗಾಗಿ ಕಥೆ ಮೊದಲು ಅವಳ ಮೈಗೆ ಇಳಿಯಬೇಕಾಗಿತ್ತು. ಅವಳಿಗೆ ರಾತ್ರಿ ಕೆಟ್ಟ ಕನಸು ಬೀಳುತ್ತಿದ್ದವು. ಅವನು ಉಸಿರು ಬಿಗಿಹಿಡಿದು, ಮುಖ ಬಿಳಿಚಿಕೊಂಡು ಕೇಳುತ್ತಿದ್ದ. ಒಂದು ಮಾತು ಹಿಡಿಸಿತಂದ್ರ ಮತ್ತೆ ಹೇಳು, ಆಗ ದನಿ ಹೆಂಗಿತ್ತು, ಚಪ್ಪಲಿ ಸದ್ದು ಹೆಂಗ ಬಂತು, ಹೊರಗ ಎಷ್ಟು ಕತ್ತಲಿತ್ತು ಅಂತ ಕೆದಕಿ ಕೆದಕಿ ಕೇಳುತ್ತಿದ್ದ. ಕಣ್ಣು ಸೋತ ಮನುಷ್ಯ, ಎತ್ತರದ ಮೇಜಿನ ಮೇಲೆ ಕಾಗದಕ್ಕೆ ಮೂಗು ತಾಗಿಸಿ ಬರೆಯುವವನು, ಜಪಾನಿನ ದೆವ್ವಗಳನ್ನು ಹಿಡಿದದ್ದು ಕಿವಿಯಿಂದ.

ಹೀಗೆ ಬಂದ ಕಥೆಗಳಲ್ಲಿ ಹಾಲೋಗೆ ತೀರ ಹತ್ತಿರದ್ದು ಜಿಕಿನಿಂಕಿ. ಮನುಷ್ಯರನ್ನು ತಿನ್ನುವ ದೆವ್ವ ಅಂತ ಆ ಶಬ್ದದ ಅರ್ಥ. ಮುಸೊ ಎಂಬ ಝೆನ್ ಗುರು ಗುಡ್ಡದಲ್ಲಿ ದಾರಿ ತಪ್ಪುತ್ತಾನೆ. ಒಂದು ಗುಡಿಸಲಿನ ಮುದಿ ಸನ್ಯಾಸಿ ಇರಲು ಜಾಗ ಕೊಡದೆ ಕೆಳಗಿನ ಹಳ್ಳಿಗೆ ಕಳಿಸುತ್ತಾನೆ. ಆ ಹಳ್ಳಿಯಲ್ಲಿ ಅಂದೇ ಯಜಮಾನ ಸತ್ತಿರುತ್ತಾನೆ. ಹೆಣ ಇದ್ದ ರಾತ್ರಿ ಊರಿನವರೆಲ್ಲ ಮನೆ ಬಿಟ್ಟು ಹೋಗುವುದು ಅಲ್ಲಿಯ ಪದ್ಧತಿ. ಮುಸೊ ಒಬ್ಬನೇ ಹೆಣದ ಹತ್ತಿರ ಕೂರುತ್ತಾನೆ. ನಡುರಾತ್ರಿ ಆಕಾರ ಸ್ಪಷ್ಟವಿಲ್ಲದ ದೊಡ್ಡದೊಂದು ಬಂದು ಹೆಣವನ್ನೂ ನೈವೇದ್ಯವನ್ನೂ ತಿಂದು ಹೋಗುತ್ತದೆ. ಬೆಳಿಗ್ಗೆ ಗುಡ್ಡದ ಸನ್ಯಾಸಿಯ ಬಗ್ಗೆ ಕೇಳಿದರೆ ಅಲ್ಲಿ ಅಂಥವನು ಯಾರೂ ಇಲ್ಲ ಅನ್ನುತ್ತಾರೆ. ಮುಸೊ ತಿರುಗಿ ಹೋದಾಗ ಆ ಮುದುಕ ನಾಚಿಕೆಯಿಂದ ಒಪ್ಪಿಕೊಳ್ಳುತ್ತಾನೆ. ಹಿಂದೆ ಈ ಸೀಮೆಗೆಲ್ಲ ತಾನೊಬ್ಬನೇ ಪುರೋಹಿತ, ಸತ್ತವರಿಗೆ ಮಂತ್ರ ಹೇಳುವಾಗಲೂ ಬರುವ ಅನ್ನ-ಬಟ್ಟೆಯ ಮೇಲೆಯೇ ಲಕ್ಷ್ಯ ಇತ್ತು, ಅದಕ್ಕೇ ಸತ್ತ ಕೂಡಲೇ ಈ ಜನ್ಮ ಬಂತು, ದಯಮಾಡಿ ಪಾರು ಮಾಡು ಅನ್ನುತ್ತಾನೆ. ಮರುಕ್ಷಣ ಗುಡಿಸಲೂ ಇಲ್ಲ, ಮುದುಕನೂ ಇಲ್ಲ. ಮುಸೊ ಹುಲ್ಲಿನ ನಡುವೆ, ಪಾಚಿಗಟ್ಟಿದ ಒಂದು ಸಮಾಧಿಯ ಮುಂದೆ ಮೊಣಕಾಲೂರಿ ಕುಳಿತಿರುತ್ತಾನೆ.

ಆ ಮುದುಕ ಬೇಡಿದ್ದು ಸೆಗಾಕಿ ಎಂಬ ಕ್ರಿಯೆ, ಹಸಿದ ದೆವ್ವಗಳಿಗೆ ಉಣ್ಣಿಸುವ ಪೂಜೆ. ಗಾಕಿ ಅಂದರೆ ಹಸಿದ ದೆವ್ವ. ಸಂಸ್ಕೃತದ ಪ್ರೇತ ಎಂಬ ಶಬ್ದಕ್ಕೆ ಚೀನಾದ ಬೌದ್ಧರು ಮಾಡಿಕೊಂಡ ಅನುವಾದವೇ ಜಪಾನಿನಲ್ಲಿ ಗಾಕಿ ಆಯಿತು. ಬುದ್ಧನ ಶಿಷ್ಯ ಮೌದ್ಗಲ್ಯಾಯನ ತನ್ನ ಸತ್ತ ತಾಯಿ ಪ್ರೇತವಾಗಿ ಹಸಿವಿನಿಂದ ನರಳುವುದನ್ನು ಕಂಡು, ಭಿಕ್ಷುಗಳಿಗೆ ಉಣಬಡಿಸಿ ಆಕೆಯನ್ನು ಬಿಡಿಸಿದ ಅನ್ನುವುದು ಉಲ್ಲಂಬನ ಸೂತ್ರದ ಕಥೆ. ಓಬೊನ್ ಹಬ್ಬದ ಬೇರು ಅದರಲ್ಲಿದೆ. ಅಂದ್ರ ಸಾವಳಗಿಯ ಹೊಲದಾಗ ಎಡಿ ಇಟ್ಟು ಕಾಗಿ ಕಾಯೋ ನಮ್ಮ ಮಂದಿಯೂ, ಸೆಗಾಕಿ ಮಾಡೋ ಜಪಾನಿ ಗುಡಿಯವರೂ, ಸತ್ತವರ ಹಸಿವು ತೀರಿಸಬೇಕು ಅನ್ನೋ ಒಂದೇ ಹಳೇ ನಂಬಿಕಿ ಹಿಡಕೊಂಡು ಬಂದವರು. ಎದೆಯಲ್ಲಿ ತೂತಿರುವ ಹಾಲೋ ಆ ಹಸಿವಿಗೆ ಹೊಸ ಕಾಲದವರು ತೊಡಿಸಿದ ಅಂಗಿ.

ಹರ್ನ್‌ಗೆ ಈ ಮೂಲ ಗೊತ್ತಿತ್ತು. ತನ್ನ ಬರಹದಲ್ಲಿ ಜಿಕಿನಿಂಕಿಯನ್ನು ನಮ್ಮ ರಾಕ್ಷಸರ ಜೊತೆ ಸೇರಿಸಿ ವಿವರಿಸಿದ. ಗಾಕಿಗಳ ಬಗ್ಗೆ ಬೇರೆಯೇ ಒಂದು ಪ್ರಬಂಧ ಬರೆದ. ರಕ್ತ ಕುಡಿಯುವ ಗಾಕಿ ಸೊಳ್ಳೆಯಾಗಿ ಹುಟ್ಟುತ್ತದೆ ಅನ್ನುವ ನಂಬಿಕೆ ಅವನಿಗೆ ಬಹಳ ಹಿಡಿಸಿತ್ತು. ಮನೆ ಹಿಂದಿನ ಗೋರಿಗಳ ನೀರಿನಲ್ಲಿ ಸೊಳ್ಳೆಯಾಗಿ ಹುಟ್ಟುವ ಅವಕಾಶ ತನಗೂ ಸಿಗಲಿ, ಪರಿಚಯದ ಕೆಲವರನ್ನು ಕಚ್ಚುವುದಿದೆ ಅಂತ ನಗೆಯಾಡಿ ಬರೆದಿದ್ದಾನೆ.

ಇನ್ನೊಂದು ಕಥೆ ಕಿವಿ ಇಲ್ಲದ ಹೊಯಿಚಿಯದು. 1185ರ ದಾನ್-ನೊ-ಉರ ಸಮುದ್ರ ಯುದ್ಧದಲ್ಲಿ ಹೈಕೆ ವಂಶ ಮುಳುಗಿಹೋಯಿತು. ಆ ಸೋಲಿನ ಕಥೆಯನ್ನು ಬಿವಾ ನುಡಿಸಿ ಹಾಡುವ ಕುರುಡ ಹೊಯಿಚಿಯನ್ನು ಸತ್ತ ಹೈಕೆಯವರೇ ರಾತ್ರಿ ಕರೆದೊಯ್ದು ಹಾಡಿಸುತ್ತಾರೆ. ತಮ್ಮ ಸಾವಿನ ಹಾಡನ್ನು ತಾವೇ ಕೇಳಿ ಅಳುತ್ತಾರೆ. ನಮ್ಮ ವಿಜಯಪುರ-ಬಾಗಲಕೋಟೆ ಕಡೆ ಮೊಹರಮ್‌ದಾಗ ಕರ್ಬಲಾದ ಸಾವಿನ ರಿವಾಯತ್ ಪದ ಹಾಡುವಾಗ ಕಣ್ಣು ಒದ್ದೆಯಾಗದವರಿಲ್ಲ, ಅದನ್ನು ಕೇಳಿದವರಿಗೆ ಹೊಯಿಚಿ ಬೇಗ ಅರ್ಥ ಆಗ್ತಾನ. ಅವನನ್ನು ಉಳಿಸಲು ಗುಡಿಯ ಗುರು ಮೈತುಂಬ ಪ್ರಜ್ಞಾಪಾರಮಿತಾ ಹೃದಯ ಸೂತ್ರ ಬರೆಯುತ್ತಾನೆ, ಕಿವಿ ಮಾತ್ರ ಮರೆತುಹೋಗುತ್ತದೆ. ಕರೆಯಲು ಬಂದ ದೆವ್ವಕ್ಕೆ ಆ ಎರಡು ಕಿವಿ ಬಿಟ್ಟರೆ ಏನೂ ಕಾಣುವುದಿಲ್ಲ. ಕಿತ್ತುಕೊಂಡು ಹೋಗುತ್ತದೆ. ಇದನ್ನು ಬರೆಯುವ ದಿನಗಳಲ್ಲಿ ಹರ್ನ್ ಕತ್ತಲಾದರೂ ದೀಪ ಹಚ್ಚದೆ ಕೂತಿರುತ್ತಿದ್ದ. ಸೆಟ್ಸು ಪಕ್ಕದ ಕೋಣೆಯಿಂದ ಸಣ್ಣ ದನಿಯಲ್ಲಿ ಹೊಯಿಚಿ ಅಂತ ಕರೆದರೆ, ನಾನು ಕುರುಡ, ನೀವು ಯಾರು ಅಂತ ಒಳಗಿನಿಂದ ಉತ್ತರ ಬರುತ್ತಿತ್ತು.

1891ರ ಕೊನೆಗೆ ಹರ್ನ್ ಕುಮಾಮೊತೊಗೆ ಹೋದ, 1894ರಲ್ಲಿ ಕೋಬೆಯ ಪತ್ರಿಕೆಗೆ ಸೇರಿದ. ಹೆಂಡತಿ ಮಕ್ಕಳಿಗೆ ತನ್ನ ಆಸ್ತಿ ಕಾನೂನು ಪ್ರಕಾರ ಸಿಗಲಿ ಅಂತ 1896ರಲ್ಲಿ ಹೆಂಡತಿಯ ಮನೆತನಕ್ಕೆ ಸೇರಿಕೊಂಡು ಜಪಾನಿ ಪ್ರಜೆಯಾದ. ಕೊಯಿಜುಮಿ ಯಾಕುಮೊ ಎಂಬ ಹೆಸರು ಬಂದದ್ದು ಆಗ. ಅಪ್ಪ ತನ್ನ ಅವ್ವನ ಮದುವೆಯನ್ನೇ ಇಲ್ಲವೆನಿಸಿದ್ದ. ಮ್ಯಾಟಿಯ ಜೊತೆಗಿನ ಮದುವೆಯನ್ನು ಕಾನೂನು ಒಪ್ಪಿರಲಿಲ್ಲ. ಈ ಸಲ ಮಾತ್ರ ಹೆಸರು, ದೇಶ ಎರಡನ್ನೂ ಬಿಟ್ಟು ಅವನು ಉಳಿದುಕೊಂಡ. ಅದೇ ವರ್ಷದಿಂದ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಿದ. 1903ರಲ್ಲಿ ಆ ಕೆಲಸ ಹೋಯಿತು. ಅವನ ಜಾಗಕ್ಕೆ ಬಂದವನು ಮುಂದೆ ಜಪಾನಿನ ದೊಡ್ಡ ಕಾದಂಬರಿಕಾರನಾದ ನತ್ಸುಮೆ ಸೊಸೆಕಿ. 1904ರಲ್ಲಿ ವಸೆದಾ ವಿಶ್ವವಿದ್ಯಾಲಯ ಕರೆಯಿತು. ಅದೇ ವರ್ಷ ಅವನ ಕ್ವೈದಾನ್ ಪ್ರಕಟವಾಯಿತು, 17 ಕಥೆ, ಕೊನೆಗೆ ಚಿಟ್ಟೆ, ಸೊಳ್ಳೆ, ಇರುವೆಗಳ ಮೇಲೆ ಮೂರು ಪ್ರಬಂಧ. ಸೆಪ್ಟೆಂಬರ್ 26ರಂದು ಎದೆನೋವಿನಿಂದ ಮನೆಯಲ್ಲೇ ತೀರಿಕೊಂಡ. ವಯಸ್ಸು 54. ಬೌದ್ಧ ಪದ್ಧತಿಯಲ್ಲಿ ಕ್ರಿಯೆ ನಡೆಸಿ ಟೋಕಿಯೊದ ಜೊಶಿಗಯ ಸ್ಮಶಾನದಲ್ಲಿ ಅವನನ್ನು ಇಟ್ಟರು.

ಅವನ ದೆವ್ವಗಳು ಮಾತ್ರ ಸಾಯಲಿಲ್ಲ. ಕ್ವೈದಾನ್ ಜಪಾನಿಗೆ ಅನುವಾದವಾಗಿ ಅಲ್ಲಿಯ ಮಕ್ಕಳ ಕೈಗೇ ತಿರುಗಿ ಬಂತು. ಮಸಾಕಿ ಕೊಬಯಾಶಿ 1964ರಲ್ಲಿ ಅವನ ನಾಲ್ಕು ಕಥೆ ಆರಿಸಿ ಮಾಡಿದ ಸಿನಿಮಾ ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಪಡೆಯಿತು. ಮಾತ್ಸುಯೆಯ ಪಕ್ಕದ ಸಕಾಯಿಮಿನಾತೊದಲ್ಲಿ ಬೆಳೆದ ಶಿಗೆರು ಮಿಜುಕಿ, ಒಬ್ಬ ಮುದುಕಿಯ ಬಾಯಿಂದ ಕೇಳಿದ ಭೂತಗಳನ್ನು ಚಿತ್ರಕಥೆಗೆ ತಂದ. ಇಂಥವರು ಹದ ಮಾಡಿಟ್ಟ ಹೊಲದಲ್ಲೇ ಬ್ಲೀಚ್‌ನಂಥವೂ ಬೆಳೆದವು.

ಹರ್ನ್ ಬಗ್ಗೆ ತಕರಾರುಗಳೂ ಇವೆ. ಹಳೆಯ ಜಪಾನನ್ನು ಬೇಕಾದ್ದಕ್ಕಿಂತ ಹೆಚ್ಚು ಚೆಂದ ಮಾಡಿ ತೋರಿಸಿದ ಅನ್ನುತ್ತಾರೆ. ನಮ್ಮ ತಕರಾರು ಬೇರೆ. ಕ್ವೈದಾನ್ ಮುನ್ನುಡಿಯಲ್ಲಿ ಹಳೆಯ ಪುಸ್ತಕಗಳ ಹೆಸರು ಬರುತ್ತವೆ. ಹಿಮದ ಹೆಣ್ಣು ಯುಕಿ-ಒನ್ನಾಳ ಕಥೆ ಹೇಳಿದ ರೈತ ಮುಸಾಶಿ ಸೀಮೆಯ ಚೋಫು ಊರಿನವನು ಅಂತಲೂ ಬರುತ್ತದೆ, ರೈತನ ಹೆಸರು ಬರುವುದಿಲ್ಲ. ಸೆಟ್ಸುವಿನ ಸುದ್ದಿಯೇ ಬರುವುದಿಲ್ಲ. ತಾನು ಹೆಚ್ಚು ಓದಿಲ್ಲ ಅಂತ ಆಕೆ ಬೇಸರಪಟ್ಟಾಗ, ಕಪಾಟಿನಲ್ಲಿದ್ದ ತನ್ನ ಪುಸ್ತಕಗಳನ್ನು ತೋರಿಸಿ, ಇವೆಲ್ಲ ಆಗಿದ್ದು ನಿನ್ನಿಂದಲೇ, ನೀನು ಓದಿದವಳಾಗಿದ್ದರೆ ದೆವ್ವದ ಕಥೆ ಅಂತ ನಗುತ್ತಿದ್ದೆ ಅಂದನಂತೆ. ಮನೆಯೊಳಗೆ ಒಪ್ಪಿಕೊಂಡದ್ದನ್ನು ಪುಸ್ತಕದಲ್ಲಿ ಅಚ್ಚು ಮಾಡಿಸಲಿಲ್ಲ. ಸೆಟ್ಸುವಿನ ನೆನಪುಗಳು ಅಚ್ಚಾದದ್ದು 1914ರಲ್ಲಿ, ಅವನು ಹೋಗಿ ಹತ್ತು ವರ್ಷಕ್ಕೆ. ಆಕೆಯ ಬದುಕನ್ನು ಆಧರಿಸಿ ಜಪಾನಿನ ಎನ್‌ಎಚ್‌ಕೆ ವಾಹಿನಿ ದಿನದ ಧಾರಾವಾಹಿ ಶುರು ಮಾಡಿದ್ದು 2025ರಲ್ಲಿ.

ಇದನ್ನು ನಾವು ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯಲು ಕಾರಣ ಇದೆ. ನಮ್ಮಲ್ಲಿ ಬಹಳ ಮಂದಿ ಕಾಲೇಜಿಗೆ ಬಂದ ಮೊದಲ ವಾರವೇ ಐತಿ ಬಿಟ್ಟು ಇದೆ ಅನ್ನಲು ಕಲಿತೆವು. ಊರ ಮಾತು ಆಡಿದರೆ ಯಾರಾದರೂ ನಗ್ತಾರೇನೋ ಅನ್ನೋ ಅಂಜಿಕಿ. ಆಯಿ ಹೇಳಿದ ದೆವ್ವದ ಕಥಿಯಂತೂ ಎಂಜಿನಿಯರಿಂಗ್ ಓದುವವರಿಗೆ ಮರ್ಯಾದಿ ತರುವಂಥದ್ದಲ್ಲ. ಹಂಗಾಗಿ ಹಾಲೋಗಳ ಜಾತಿ, ದರ್ಜೆ ಎಲ್ಲ ನಮಗೆ ಬಾಯಿಪಾಠ, ಹುಣಸಿ ಗಿಡದ ದೆವ್ವ ಯಾರ ಮನಿದು ಅನ್ನೂದು ಗೊತ್ತಿಲ್ಲ. ಹರ್ನ್ ಬೇಡಿದ್ದು ಪುಸ್ತಕದ ಭಾಷೆಯನ್ನಲ್ಲ, ಹೇಳುವವಳ ಭಾಷೆಯನ್ನು. ನಮ್ಮ ಕಡೆ ಆ ಭಾಷೆ ಇನ್ನೂ ಮನೆಯಲ್ಲೇ ಕೂತಿದೆ, ಅದಕ್ಕೆ ಮುಪ್ಪು ಬಂದಿದೆ.

ಆದ್ದರಿಂದ ಸಂಘದ ಪರವಾಗಿ ಒಂದು ವಿನಂತಿ. ಈ ಸಲ ಮಹಾಲಯ ಅಮಾಸಿಗೆ, ಹಿರೇರ ಹಬ್ಬಕ್ಕ, ಊರಿಗೆ ಹೋದಾಗ ಆಯಿ-ಮುತ್ಯಾನ ಮುಂದ ಕೂತು ಒಂದು ಕಥಿ ಹೇಳಿಸಿಕೊಳ್ರಿ. ದೆವ್ವ ಖರೇನ ಐತೇನು ಅಂತ ವಾದ ಹಾಕಬ್ಯಾಡ್ರಿ, ನಡುವೆ ಬಾಯಿ ಹಾಕಬ್ಯಾಡ್ರಿ. ದನಿ ಹೆಂಗಿತ್ತು, ಎಷ್ಟು ಕತ್ತಲಿತ್ತು ಅಂತ ಮಾತ್ರ ಕೇಳ್ರಿ. ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ರಿ. ಬರೆಯುವಾಗ ಅವರ ಮಾತನ್ನು ತಿದ್ದಿ ಪುಸ್ತಕದ ಕನ್ನಡ ಮಾಡಬೇಡಿ. ನಮಗೆ ಕಳಿಸುವಾಗ ಮೊದಲು ಹೇಳಿದವರ ಹೆಸರು, ಅವರ ಊರು, ಆಮೇಲೆ ಕಥೆ, ಕೊನೆಗೆ ಬರೆದವರ ಹೆಸರು. ಮುಂದಿನ ಸಂಚಿಕೆಯಲ್ಲಿ ಇದೇ ಕ್ರಮದಲ್ಲಿ ಪ್ರಕಟಿಸುತ್ತೇವೆ.